ಮನಸ್ಸು, ಮೈ, ಲೈಂಗಿಕತೆ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯವರು ಆಪ್ತಸಮಾಲೋಚನೆಗೆ ಬಂದಾಗ ಕೇಳುವ ಪ್ರಶ್ನೆಗಳಿವು. ಕೆಲವರು ನೇರವಾಗಿ ಕೇಳುತ್ತಾರೆ. ಜಾಸ್ತಿ ಜನ "ನನ್ನ ಫ್ರೆಂಡ್‌ಗೆ ಒಂದು ಸಮಸ್ಯೆ" ಎಂದು ಶುರು ಮಾಡುತ್ತಾರೆ. ಕೇಳಿ ಕೇಳಿ ನನಗೆ ಅನ್ನಿಸಿದ್ದಿಷ್ಟು: ಕಾಯಿಲೆಯೇ ಅಲ್ಲದ್ದಕ್ಕೆ ನಾವು ವರ್ಷಗಟ್ಟಲೆ ಹೆದರುತ್ತೇವೆ, ನಿಜವಾದ ಕಾಯಿಲೆಯನ್ನು ಯಾರಿಗೂ ತೋರಿಸುವುದಿಲ್ಲ. ಯಾವುದು ಹೆದರಬೇಕಾದ್ದು, ಯಾವುದು ಅಲ್ಲ ಎಂದು ಇಲ್ಲಿ ಬಿಡಿಸಿ ಹೇಳಿದ್ದೇನೆ. ಇದು ಔಷಧಿ ಚೀಟಿ ಅಲ್ಲ, ಡಾಕ್ಟರ ಬದಲಿಗೂ ಅಲ್ಲ.

ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು. ಯಾರ ಹತ್ತಿರ ಹೋಗಬೇಕು?

ಮನೋವೈದ್ಯರು ಎಂಬಿಬಿಎಸ್ ಓದಿ, ಆಮೇಲೆ ಮನೋರೋಗದಲ್ಲಿ ಪರಿಣತಿ ಪಡೆದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮನಶ್ಶಾಸ್ತ್ರ ಓದಿ, ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು. ಇವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಕೇಳಿ ನೋಡಬಹುದು. ಆಪ್ತಸಮಾಲೋಚಕರು ಕೂತು ಕೇಳುತ್ತಾರೆ, ದಾರಿ ಹುಡುಕಲು ಜೊತೆಯಾಗುತ್ತಾರೆ, ಬೇಕಾದಾಗ ಡಾಕ್ಟರ ಹತ್ತಿರ ಕಳಿಸುತ್ತಾರೆ. ಮೊದಲು ಯಾರ ಹತ್ತಿರ ಹೋದರೂ ತಪ್ಪಿಲ್ಲ. ಹೋಗದೇ ಇರುವುದೇ ತೊಂದರೆ.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋರೋಗ ವಿಭಾಗ ಇದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನ ಬರುವ ಸರ್ಕಾರಿ ಏರ್ಪಾಡೂ ಇದೆ. ಯಾವ ದಿನ ಎಂದು ಮೊದಲೇ ವಿಚಾರಿಸಿಕೊಂಡು ಹೋದರೆ ಬಸ್ ಚಾರ್ಜ್ ದಂಡವಾಗದು. ಅಂದ ಹಾಗೆ, ಮನೋರೋಗದ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಈ ಜಿಲ್ಲೆಗೆ ಹೊಸದೇನಲ್ಲ. 2016ರಲ್ಲಿ ತೀರಿಕೊಂಡ ಶಿವಮೊಗ್ಗದ ಮನೋವೈದ್ಯ ಡಾ. ಕೆ. ಎ. ಅಶೋಕ್ ಪೈ ಅವರು ಬರಹ, ಭಾಷಣ, ಸಿನಿಮಾಗಳ ಮೂಲಕ ಈ ವಿಷಯವನ್ನು ಮನೆಮನೆಗೆ ತಲುಪಿಸಿದ್ದರು.

ಲೈಂಗಿಕತೆ ಅಂದರೆ ಸೆಕ್ಸ್ ಅಷ್ಟೇ ಅಲ್ವಾ?

ಅದೂ ಸೇರಿದೆ. ಜೊತೆಗೆ ಇನ್ನೂ ಇದೆ. ಯಾರ ಮೇಲೆ ಮನಸ್ಸಾಗುತ್ತದೆ, ನಮ್ಮನ್ನು ನಾವು ಗಂಡು ಅಂತಲೋ ಹೆಣ್ಣು ಅಂತಲೋ ಹೇಗೆ ಅರಿಯುತ್ತೇವೆ, ಸಲಿಗೆ, ನಾಚಿಕೆ, ಮುಟ್ಟು, ಬಸಿರು, ಮುಟ್ಟು ನಿಲ್ಲುವ ಕಾಲ ಎಲ್ಲವೂ ಇದರೊಳಗೇ ಬರುತ್ತವೆ. ಲಿಬಿಡೊ ಎಂಬ ಮಾತು ಆಗಾಗ ಕೇಳಿಬರುತ್ತದೆ. ಮನೋವಿಶ್ಲೇಷಣೆ ಶುರುಮಾಡಿದ ಆಸ್ಟ್ರಿಯಾದ ವೈದ್ಯ ಫ್ರಾಯ್ಡ್ ಅದನ್ನು ಒಂದು ದೊಡ್ಡ ಜೀವಶಕ್ತಿ ಎಂಬಂತೆ ಬಳಸಿದ. ಇವತ್ತಿನ ಡಾಕ್ಟರು ಲಿಬಿಡೊ ಅಂದರೆ ಸುಮ್ನೆ ಕಾಮಾಸಕ್ತಿ ಎಂದು ತಿಳಿದುಕೊಳ್ಳಿ.

ಈಡಿಪಸ್ ಕಾಂಪ್ಲೆಕ್ಸ್ ನಿಜವಾಗಿ ಇರುತ್ತಾ?

ಗಂಡು ಮಗುವಿಗೆ ಒಳಗೊಳಗೇ ಅಮ್ಮನ ಮೇಲೆ ಆಸೆ, ಅಪ್ಪನ ಮೇಲೆ ಹೊಟ್ಟೆಕಿಚ್ಚು ಇರುತ್ತದೆ ಎಂಬ ಫ್ರಾಯ್ಡನ ಊಹೆ ಅದು. ಸಾಹಿತ್ಯ ವಿಮರ್ಶೆಯಲ್ಲಿ ಇನ್ನೂ ಓಡಾಡುತ್ತದೆ. ರೋಗದ ಹೆಸರಾಗಿ ಯಾವ ಡಾಕ್ಟರೂ ಚೀಟಿಯಲ್ಲಿ ಬರೆಯುವುದಿಲ್ಲ.

ಧಾತು ಹೋಗುತ್ತಿದೆ. ಮೂತ್ರದಲ್ಲೂ ಬಿಳಿ ಹೋಗುತ್ತದೆ. ದಿನೇ ದಿನೇ ಸೊರಗುತ್ತಿದ್ದೇನೆ. ಏನು ಮಾಡಲಿ?

ನನಗೆ ಗಂಡು ಹುಡುಗರಿಂದ ಬರುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಧಾತು ಎಂದು ಜನ ಹೇಳುವುದು ವೀರ್ಯಕ್ಕೆ. ವೀರ್ಯದಲ್ಲಿ ಜಾಸ್ತಿ ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುಗಳ ಪಾಲು ನೂರಕ್ಕೆ ಐದಕ್ಕಿಂತ ಕಡಿಮೆ. ಒಂದು ಸಲಕ್ಕೆ ಹೊರಬರುವುದು ಸುಮಾರು 1.5ರಿಂದ 5 ಮಿಲಿ, ಅಂದರೆ ಒಂದು ಟೀ ಚಮಚೆ ತುಂಬಿದರೆ ಹೆಚ್ಚು. ರಕ್ತದ ಇಷ್ಟು ಹನಿ ಸೇರಿ ವೀರ್ಯದ ಒಂದು ಹನಿ ಆಗುತ್ತದೆ ಎಂಬ ಲೆಕ್ಕಕ್ಕೆ ಮೈಯೊಳಗೆ ಯಾವ ಆಧಾರವೂ ಇಲ್ಲ. ವೀರ್ಯಾಣು ತಯಾರಿ ಹರೆಯದಲ್ಲಿ ಶುರುವಾದರೆ ಮುಪ್ಪಿನವರೆಗೂ ನಡೆಯುತ್ತಲೇ ಇರುತ್ತದೆ. ಹೊರಹೋಗದೆ ಉಳಿದದ್ದನ್ನು ದೇಹವೇ ಹೀರಿಕೊಳ್ಳುತ್ತದೆ. ಕೂಡಿಟ್ಟು ಬಲ ಬರಿಸಿಕೊಳ್ಳುವ ವಸ್ತು ಅದಲ್ಲ.

ನಿದ್ದೆಯಲ್ಲಿ ಹೋಗುವುದು ಸ್ವಪ್ನಸ್ಖಲನ. ಹರೆಯದಲ್ಲಿ ಸಹಜ. ಮೂತ್ರ ಕೆಲವೊಮ್ಮೆ ಮಸುಕಾಗುವುದು ಬಹಳ ಸಲ ಫಾಸ್ಫೇಟ್ ಲವಣಗಳಿಂದ. ಉರಿ, ಕೀವು, ಜ್ವರ, ವಾಸನೆ ಇದ್ದರೆ ಮಾತ್ರ ಅದು ಸೋಂಕಿರಬಹುದು, ಮೂತ್ರ ಪರೀಕ್ಷೆ ಮಾಡಿಸಿ.

ಹಾಗಾದರೆ ಸುಸ್ತು ಸುಳ್ಳಾ? ಅಲ್ಲ. ಸುಸ್ತು ನಿಜ, ನಿದ್ದೆ ಬಾರದಿರುವುದು ನಿಜ, ಎದೆ ಡವಡವ ಎನ್ನುವುದೂ ನಿಜ. ಕಾರಣ ಮಾತ್ರ ಬೇರೆ. ಧಾತು ಹೋಗುತ್ತಿದೆ ಎಂಬ ಭಯದಿಂದ ಬರುವ ಈ ಸಂಕಟಕ್ಕೆ ಭಾರತದ ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಧಾತ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಇದರ ಬೆನ್ನಲ್ಲಿ ತುಂಬಾ ಸಲ ಆತಂಕ ಅಥವಾ ಖಿನ್ನತೆ ಅಡಗಿರುತ್ತದೆ. ಅದಕ್ಕೆ ಚಿಕಿತ್ಸೆ ಆದರೆ ಸುಸ್ತೂ ಇಳಿಯುತ್ತದೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ವಿದ್ಯುತ್ ಕಂಬದ ಮೇಲೆ "ಗುಪ್ತ ರೋಗ, ನರ ದೌರ್ಬಲ್ಯ, ಗ್ಯಾರಂಟಿ ಗುಣ" ಎಂದು ಅಂಟಿಸಿದ ಚೀಟಿ ನೋಡಿದ್ದೀರಲ್ಲ, ಆ ವ್ಯಾಪಾರ ಪೂರ್ತಿ ನಿಂತಿರುವುದು ಈ ಒಂದು ಭಯದ ಮೇಲೆ. ಒಂದು ಕೋರ್ಸ್ ಮುಗಿದರೆ ಇನ್ನೊಂದು ಕೋರ್ಸ್. ಕೊನೆಗೆ ಅಡಿಕೆ ಮಾರಿದ ದುಡ್ಡು ಅಲ್ಲೇ ಹೋಗುತ್ತದೆ.

ಹಸ್ತಮೈಥುನದಿಂದ ಮುಂದೆ ಮಕ್ಕಳಾಗುವುದಿಲ್ಲವಂತೆ, ಹೌದಾ?

ಇಲ್ಲ. ಮಕ್ಕಳಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣು ಮಂಜಾಗುವುದಿಲ್ಲ, ಅಂಗ ಸಣ್ಣದಾಗುವುದಿಲ್ಲ, ಬೆನ್ನುಮೂಳೆ ಸವೆಯುವುದಿಲ್ಲ. ಹೆಂಗಸರಿಗೂ ಇದೇ ಉತ್ತರ. ಈ ಹೆದರಿಕೆ ನಮ್ಮ ದೇಶದ್ದು ಮಾತ್ರ ಎಂದುಕೊಳ್ಳಬೇಡಿ. 1760ರಲ್ಲಿ ಟಿಸೋ ಎಂಬ ಸ್ವಿಸ್ ವೈದ್ಯ ಇದರಿಂದ ಇಲ್ಲದ ರೋಗವೆಲ್ಲ ಬರುತ್ತದೆ ಎಂದು ಬರೆದು ಯುರೋಪನ್ನೇ ಹೆದರಿಸಿಟ್ಟಿದ್ದ.

ಬ್ಲೂಫಿಲ್ಮ್ ನೋಡುವ ಚಟ ಬಿಡಿಸಬಹುದಾ?

ನೋಡಿದವರೆಲ್ಲ ಚಟದವರಲ್ಲ. ಬಿಡಬೇಕು ಎಂದು ಮತ್ತೆ ಮತ್ತೆ ಪ್ರಯತ್ನಿಸಿಯೂ ಆಗದೆ, ಓದು, ಕೆಲಸ, ಸಂಸಾರ ಕೆಟ್ಟರೂ ನಿಲ್ಲಿಸಲಾಗದೆ, ಆರು ತಿಂಗಳಿಗೂ ಮೇಲೆ ಹೀಗೇ ನಡೆದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ ಹಿಡಿತ ತಪ್ಪಿದ ಲೈಂಗಿಕ ವರ್ತನೆ ಎಂದು ಗುರುತಿಸುತ್ತದೆ. ಬರೀ ಪಾಪಪ್ರಜ್ಞೆ ಇದ್ದ ಮಾತ್ರಕ್ಕೆ ಅದು ರೋಗವಲ್ಲ ಎಂದೂ ಅದೇ ಪಟ್ಟಿಯಲ್ಲಿದೆ. ನಿಜವಾಗಿ ಹಿಡಿತ ತಪ್ಪಿದ್ದರೆ ಮಾತಿನ ಚಿಕಿತ್ಸೆಯಿಂದ ಉಪಯೋಗವಾಗುತ್ತದೆ. ಮಕ್ಕಳಿರುವ ಅಂಥ ಅಶ್ಲೀಲ ವಿಡಿಯೊ ನೋಡುವುದು, ಇಟ್ಟುಕೊಳ್ಳುವುದು, ಕಳಿಸುವುದು ಅಪರಾಧ. ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ನಲವತ್ತೈದು ದಾಟಿದ ಮೇಲೆ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ವಯಸ್ಸಾಯ್ತು ಎಂದು ಸುಮ್ಮನಿರಲಾ?

ಬೇಡ. ಇದು ಬಚ್ಚಿಡುವ ವಿಷಯವಲ್ಲ, ತೋರಿಸಿಕೊಳ್ಳಬೇಕಾದ ವಿಷಯ. ನಿಮಿರುವಿಕೆ ಅಂದರೆ ರಕ್ತ ಹರಿದು ತುಂಬುವುದು. ಶಿಶ್ನದ ರಕ್ತನಾಳಗಳು 1ರಿಂದ 2 ಮಿಲಿಮೀಟರ್ ಅಗಲ, ಹೃದಯದವು 3ರಿಂದ 4 ಮಿಲಿಮೀಟರ್. ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಹೊಗೆಸೊಪ್ಪಿನಿಂದ ನಾಳ ಕಟ್ಟಿಕೊಳ್ಳಲು ಶುರುವಾದರೆ ಸಣ್ಣ ನಾಳದಲ್ಲಿ ಮೊದಲು ಗೊತ್ತಾಗುತ್ತದೆ. ಎದೆನೋವು ಬರುವುದಕ್ಕೆ ಕೆಲವು ವರ್ಷ ಮೊದಲೇ ಹೀಗಾಗಬಹುದು. ಹಾಗಾಗಿ ಮೊದಲು ಶುಗರ್, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ. ನಮ್ಮ ಕಡೆ ಎಲೆಅಡಿಕೆ ಜೊತೆ ತಂಬಾಕು ಹಾಕುವವರು "ನಾನು ಸಿಗರೇಟು ಸೇದಲ್ಲ" ಎನ್ನುತ್ತಾರೆ. ನಿಕೋಟಿನ್ ಬಾಯಲ್ಲಿದ್ದರೂ ನಿಕೋಟಿನ್ನೇ ಮಾರಾಯ್ರೆ.

ಬೆಳಗ್ಗೆ ಏಳುವಾಗ ನಿಮಿರುವಿಕೆ ಸರಿಯಾಗಿದ್ದು, ಹೆಂಡತಿಯ ಜೊತೆ ಮಾತ್ರ ಆಗುತ್ತಿಲ್ಲ ಎಂದರೆ ಕಾರಣ ಮನಸ್ಸಿನ ಕಡೆ ಇರುವ ಸಾಧ್ಯತೆ ಜಾಸ್ತಿ. ಒಂದು ಸಲ ಆಗಲಿಲ್ಲ, ಮುಂದಿನ ಸಲವೂ ಆಗದಿದ್ದರೆ ಎಂಬ ಭಯ, ಆ ಭಯಕ್ಕೇ ಮತ್ತೆ ಆಗಲಿಲ್ಲ. ಇದನ್ನು ಸಾಮರ್ಥ್ಯದ ಆತಂಕ ಎನ್ನುತ್ತೇವೆ.

ಮಾತ್ರೆ ವಿಚಾರ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಒಳ್ಳೆಯ ಔಷಧಿಯೇ, ಡಾಕ್ಟರು ಕೊಟ್ಟರೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು. "ಗಿಡಮೂಲಿಕೆ" ಎಂದು ಮಾರುವ ಕೆಲವು ಪುಡಿಗಳಲ್ಲಿ ಇದನ್ನೇ ಗುಟ್ಟಾಗಿ ಬೆರೆಸಿರುತ್ತಾರೆ.

ಶೀಘ್ರ ಸ್ಖಲನ ಎಂದರೆ ಎಷ್ಟು ನಿಮಿಷ?

ಮೊದಲಿನಿಂದಲೂ, ಹೆಚ್ಚುಕಡಿಮೆ ಪ್ರತಿ ಸಲವೂ, ಕೂಡಿದ ಸುಮಾರು ಒಂದು ನಿಮಿಷದೊಳಗೆ ಆಗಿಬಿಡುವುದು, ತಡೆಯಲಾಗದಿರುವುದು, ಅದರಿಂದ ಸಂಕಟವಾಗುವುದು. ಈ ಮೂರೂ ಸೇರಿದರೆ ಮಾತ್ರ ಆ ಹೆಸರು. ಸಿನಿಮಾ ನೋಡಿ ಅರ್ಧ ಗಂಟೆ ಎಂದುಕೊಂಡವರಿಗೆ ಒಂದು ಮಾತು: ಐದು ದೇಶಗಳ ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಅಳೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನಡುವಿನ ಅಂಕಿ 5.4 ನಿಮಿಷ. ತೊಂದರೆ ಇದ್ದವರಿಗೆ ನಿಲ್ಲಿಸಿ ಮುಂದುವರಿಸುವ ಅಭ್ಯಾಸ ಇದೆ, ಮಾತ್ರೆಗಳೂ ಇವೆ.

ಮೊದಲ ರಾತ್ರಿ ರಕ್ತ ಬರಲಿಲ್ಲ. ಗಂಡನ ಮನೆಯಲ್ಲಿ ಅನುಮಾನ ಪಡುತ್ತಿದ್ದಾರೆ.

ಕನ್ಯಾಪೊರೆ ಯೋನಿಯ ಬಾಯಿ ಹತ್ತಿರ ಇರುವ ತೆಳು ಮಡಿಕೆ. ಪೂರ್ತಿ ಮುಚ್ಚಿರುವ ಪರದೆ ಅಲ್ಲ. ಮುಚ್ಚಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದಾದರೂ ಹೇಗೆ? ಒಬ್ಬೊಬ್ಬರಿಗೆ ಒಂದೊಂದು ಆಕಾರ. ಕೆಲವರಿಗೆ ಹೆಸರಿಗಷ್ಟೇ ಇರುತ್ತದೆ, ಹಲವರಿಗೆ ಹಿಗ್ಗುತ್ತದೆ, ಹರಿಯುವುದಿಲ್ಲ. ಅದನ್ನು ನೋಡಿ ಯಾರೂ, ಡಾಕ್ಟರೂ ಸಹ, ಹಿಂದೆ ಏನಾಗಿತ್ತು ಎಂದು ಹೇಳಲಾರರು. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿತ್ತು. 2022ರ ಅಕ್ಟೋಬರ್ 31ರಂದು ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದೇ ಹೇಳಿತು. ಅನುಮಾನ ಪಡುವವರಿಗೆ ಈ ಉತ್ತರ ಓದಿಸಿ. ಓದಿಯೂ ಅನುಮಾನ ಪಟ್ಟರೆ ಸಮಾಲೋಚನೆ ಬೇಕಾಗಿರುವುದು ಅವರಿಗೆ.

ಮದುವೆಯಾಗಿ ವರ್ಷ ಕಳೆದರೂ ಕೂಡಲು ಆಗಿಲ್ಲ. ಅವಳು ಬಿಗಿಯಾಗಿಬಿಡುತ್ತಾಳೆ. ಮನಸ್ಸಿಲ್ಲವೇನೋ?

ಮನಸ್ಸಿರುತ್ತದೆ, ಸ್ನಾಯು ಕೇಳುವುದಿಲ್ಲ. ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು, ನೋವಾಗಿ, ಒಳಗೆ ಏನೂ ಹೋಗಲಾಗದಂತೆ ಆಗುವುದನ್ನು ವಜೈನಿಸ್ಮಸ್ ಎನ್ನುತ್ತಾರೆ. ಕಣ್ಣಿಗೆ ಏನಾದರೂ ಹತ್ತಿರ ಬಂದರೆ ರೆಪ್ಪೆ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಬೇಕೆಂದು ಮಾಡುವುದಲ್ಲ. ನೋವಿನ ಭಯ, ಚಿಕ್ಕಂದಿನಿಂದ ಕೇಳಿಸಿಕೊಂಡ "ಅದು ಕೆಟ್ಟದ್ದು" ಎಂಬ ಮಾತು, ಹಿಂದೆ ಯಾರೋ ಮಾಡಿದ ದೌರ್ಜನ್ಯ, ಕೆಲವೊಮ್ಮೆ ಸೋಂಕು ಅಥವಾ ಬೇರೆ ದೈಹಿಕ ಕಾರಣ ಇರಬಹುದು. ಎಷ್ಟೋ ಸಲ ಕಾರಣ ಸಿಗುವುದೂ ಇಲ್ಲ. ಕಾರಣ ಸಿಗದಿದ್ದರೂ ಚಿಕಿತ್ಸೆ ಆಗುತ್ತದೆ.

ಚಿಕಿತ್ಸೆ ನಿಧಾನದ್ದು. ಮೊದಲು ಸ್ತ್ರೀರೋಗ ತಜ್ಞರು ನೋಡುತ್ತಾರೆ. ಆಮೇಲೆ ಸ್ನಾಯು ಬಿಗಿ ಮಾಡಿ ಸಡಿಲಿಸುವ ಅಭ್ಯಾಸ, ತೀರಾ ಸಣ್ಣದರಿಂದ ಶುರುಮಾಡಿ ಹಂತ ಹಂತವಾಗಿ ಡೈಲೇಟರ್ (ಯೋನಿಯೊಳಗೆ ಇಟ್ಟು ಅಭ್ಯಾಸ ಮಾಡುವ ನಯವಾದ ಸಾಧನ) ಬಳಕೆ, ಜೊತೆಗೆ ಗಂಡ ಹೆಂಡತಿ ಇಬ್ಬರಿಗೂ ಸಮಾಲೋಚನೆ. ಆ ಹೊತ್ತಿನಲ್ಲಿ ಕೂಡುವ ಪ್ರಯತ್ನವನ್ನು ಕೈಬಿಡಲು ಹೇಳುತ್ತೇವೆ. ಗಂಡಂದಿರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಆದರೆ ಒತ್ತಡ ಇಳಿದಾಗಲೇ ಮೈ ಸಡಿಲಾಗುವುದು. ಬಹುಪಾಲು ಜೋಡಿಗಳಿಗೆ ಗುಣ ಸಿಗುವ ತೊಂದರೆ ಇದು. ಹಾಗಿದ್ದೂ ಮಕ್ಕಳಾಗಲಿಲ್ಲ ಎಂದು ದೇವಸ್ಥಾನ, ಹರಕೆ, ಬಂಜೆತನದ ಕ್ಲಿನಿಕ್ಕು ಎಲ್ಲ ಸುತ್ತಿ ಬಂದಿರುತ್ತಾರೆ. ಕೂಡಿಯೇ ಇಲ್ಲ ಎಂಬ ಮಾತನ್ನು ಎಲ್ಲೂ ಬಾಯಿಬಿಟ್ಟಿರುವುದಿಲ್ಲ. ಕೇಳಿದವರೂ ಇರುವುದಿಲ್ಲ.

ಹೆಂಗಸರಿಗೆ ಆಸೆ ಕಡಿಮೆಯಾ?

1966ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಲೈಂಗಿಕ ಪ್ರತಿಕ್ರಿಯೆಯನ್ನು ನಾಲ್ಕು ಹಂತವಾಗಿ ವಿವರಿಸಿದರು: ಉದ್ರೇಕ, ಏರು, ಸುಖದ ತುದಿ, ಇಳಿತ. ಅದರಲ್ಲಿ ಆಸೆಗೆ ಪ್ರತ್ಯೇಕ ಜಾಗವೇ ಇರಲಿಲ್ಲ. ಆಮೇಲೆ ಬಂದವರು ಆಸೆಯನ್ನು ಮೊದಲ ಹಂತವಾಗಿ ಸೇರಿಸಿದರು. 2000ದ ಹೊತ್ತಿಗೆ ರೋಸ್‌ಮೇರಿ ಬ್ಯಾಸನ್ ಎಂಬ ಕೆನಡಾದ ವೈದ್ಯೆ ಇನ್ನೊಂದು ಮಾತು ಹೇಳಿದರು. ಎಲ್ಲರಿಗೂ ಆಸೆ ಮೊದಲು ಬಂದು ಆಮೇಲೆ ಮೈ ಸ್ಪಂದಿಸುವುದಿಲ್ಲ. ಬಹಳ ಹೆಂಗಸರಿಗೆ, ಅದರಲ್ಲೂ ಸಂಸಾರ ಹಳೆಯದಾದ ಮೇಲೆ, ಹತ್ತಿರ ಕೂತು, ಮಾತಾಡಿ, ಮುಟ್ಟಿದ ಮೇಲೆ ಆಸೆ ಹುಟ್ಟುತ್ತದೆ. ಅದಕ್ಕೆ ಸ್ಪಂದಿಸುವ ಆಸೆ ಎನ್ನುತ್ತಾರೆ. ಗಂಡಸರಲ್ಲೂ ಹೀಗಿರುವವರು ಇದ್ದಾರೆ.

ಈಗ ನಮ್ಮ ಕಡೆಯ ಮನೆ ನೆನಪು ಮಾಡಿಕೊಳ್ಳಿ. ಹಲಗೆ ಗೋಡೆ, ಆಚೆ ಕೋಣೆಯಲ್ಲಿ ಅತ್ತೆ ಮಾವ. ಕೊಯ್ಲಿನ ಕಾಲದಲ್ಲಿ ಸರಿರಾತ್ರಿವರೆಗೆ ಅಡಿಕೆ ಸುಲಿದು, ಬೆಳಗ್ಗೆ ಆಳುಗಳಿಗೆ ತಿಂಡಿ ಮಾಡಲು ಏಳಬೇಕು. ಇಷ್ಟರ ನಡುವೆ ಆಸೆ ಎಲ್ಲಿಂದ ಬರಬೇಕು? ಇದಕ್ಕೆ ಔಷಧಿ ಕೇಳಿದರೆ ನಾನು ಮೊದಲು ಕೇಳುವುದು ನಿದ್ದೆ ಎಷ್ಟು ಎಂದು. ಹಾಗೆಂದು ಎಲ್ಲವೂ ಆಯಾಸವೇ ಅಲ್ಲ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಮುಟ್ಟು ನಿಲ್ಲುವಾಗಿನ ಒಣಗುವಿಕೆ ಮತ್ತು ನೋವು ಇವುಗಳನ್ನೂ ನೋಡಬೇಕು.

ನಮ್ಮ ಮಗ ಗೇ ಎಂದು ಹೇಳುತ್ತಿದ್ದಾನೆ. ಇದಕ್ಕೆ ಟ್ರೀಟ್‌ಮೆಂಟ್ ಎಲ್ಲಿ ಸಿಗುತ್ತದೆ?

ಎಲ್ಲೂ ಸಿಗುವುದಿಲ್ಲ, ಯಾಕೆಂದರೆ ಅದು ರೋಗ ಅಲ್ಲ. ಯಾರ ಕಡೆಗೆ ಮನಸ್ಸು ಎಳೆಯುತ್ತದೆ ಎಂಬುದಕ್ಕೆ ಲೈಂಗಿಕ ಒಲವು ಎಂದು ಹೆಸರು. ಬೇರೆ ಲಿಂಗದವರ ಮೇಲೆ ಇರಬಹುದು, ತನ್ನದೇ ಲಿಂಗದವರ ಮೇಲೆ ಇರಬಹುದು, ಇಬ್ಬರ ಮೇಲೂ ಇರಬಹುದು, ಯಾರ ಮೇಲೂ ಇಲ್ಲದೆಯೂ ಇರಬಹುದು. ಕೊನೆಯದಕ್ಕೆ ಅಲೈಂಗಿಕ ಒಲವು ಎನ್ನುತ್ತಾರೆ. ಅದೂ ರೋಗವಲ್ಲ. ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಕಿನ್ಸಿ 1948ರಲ್ಲೇ ಇದನ್ನು ಎರಡು ಡಬ್ಬಿಯಾಗಿ ನೋಡದೆ 0ರಿಂದ 6ರವರೆಗಿನ ಅಳತೆಯಾಗಿ ನೋಡಿದ್ದ.

ಅಮೆರಿಕದ ಮನೋವೈದ್ಯರ ಸಂಘ 1973ರ ಡಿಸೆಂಬರ್‌ನಲ್ಲಿ ಸಲಿಂಗ ಒಲವನ್ನು ರೋಗಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ನಮ್ಮಲ್ಲಿ 1860ರ ದಂಡಸಂಹಿತೆಯ 377ನೇ ವಿಧಿ ಇದನ್ನು ಅಪರಾಧ ಮಾಡಿಟ್ಟಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಅದರಿಂದ ಬಿಡಿಸಿದರು. ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಮಾತ್ರ ಇಲ್ಲ, 2023ರ ಅಕ್ಟೋಬರ್ 17ರ ತೀರ್ಪು ಅದನ್ನು ಸಂಸತ್ತಿಗೆ ಬಿಟ್ಟಿತು. ಒಲವನ್ನು "ಸರಿ" ಮಾಡುತ್ತೇನೆ ಎಂದು ಶಾಕ್, ಮಾತ್ರೆ, ಹಿಪ್ನಾಟಿಸಂ ಮಾಡುವ ಡಾಕ್ಟರ ಬಗ್ಗೆಯೂ ಹೇಳಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿಯ ದುರ್ನಡತೆ ಎಂದು ಹೇಳಿದೆ.

"ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬುದು ನಾನು ಕೇಳುವ ಅತಿ ಕೆಟ್ಟ ಸಲಹೆ. ಸರಿಹೋಗುವುದಿಲ್ಲ. ಒಬ್ಬನ ಸಂಕಟದ ಜೊತೆ ಇನ್ನೊಂದು ಮನೆಯ ಹುಡುಗಿಯ ಬದುಕೂ ಹಾಳಾಗುತ್ತದೆ. ಮಗನಿಗೆ ಚಿಕಿತ್ಸೆ ಬೇಡ ಎಂದೆನಲ್ಲ, ಅದಕ್ಕೊಂದು ಅಪವಾದವಿದೆ. ಬಚ್ಚಿಟ್ಟು ಬದುಕಿದ್ದರಿಂದ, ಬೈಸಿಕೊಂಡಿದ್ದರಿಂದ ಅವನಿಗೆ ಖಿನ್ನತೆ ಬಂದಿರಬಹುದು. ಆ ಖಿನ್ನತೆಗೆ ಚಿಕಿತ್ಸೆ ಬೇಕು, ಒಲವಿಗಲ್ಲ. ಅಪ್ಪ ಅಮ್ಮನಿಗೂ ಸ್ವಲ್ಪ ಕಾಲ ಬೇಕಾಗುತ್ತದೆ, ಬನ್ನಿ, ಮಾತಾಡೋಣ. ಅಳುವುದಿದ್ದರೂ ಇಲ್ಲೇ ಅತ್ತು ಹೋಗಿ, ಮಗನ ಮುಂದೆ ಬೇಡ.

ಗೇ ಅಂದರೂ ಟ್ರಾನ್ಸ್‌ಜೆಂಡರ್ ಅಂದರೂ ಒಂದೇ ಅಲ್ವಾ?

ಅಲ್ಲ. ಗೇ ಎಂಬುದು ಯಾರನ್ನು ಬಯಸುತ್ತೇನೆ ಎಂಬ ವಿಷಯ. ಟ್ರಾನ್ಸ್‌ಜೆಂಡರ್ ಎಂಬುದು ನಾನು ಯಾರು ಎಂಬ ವಿಷಯ. ಹುಟ್ಟಿದಾಗ ಮೈ ನೋಡಿ ಗಂಡು ಎಂದು ಬರೆದಿರುತ್ತಾರೆ, ಒಳಗಿನ ಅರಿವು ಹೆಣ್ಣಿನದು. ಅಥವಾ ಇದರ ತಿರುವು. ಈ ಒಳಗಿನ ಅರಿವಿಗೆ ಲಿಂಗತ್ವ ಗುರುತು ಎನ್ನುತ್ತಾರೆ. ಎಲ್ಲಮ್ಮ ರೇಣುಕೆಯ ಜಾತ್ರೆಗಳಲ್ಲಿ ಜೋಗಪ್ಪಂದಿರನ್ನು ನೋಡಿ ಬೆಳೆದ ನಮಗೆ ಇದು ತೀರಾ ಹೊಸದೂ ಅಲ್ಲ. ಜೋಗತಿ ಪರಂಪರೆಯಿಂದ ಬಂದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಜೋಗಪ್ಪಂದಿರಿಗೆ ಕೈಮುಗಿದು ಕುಂಕುಮ ಇಡಿಸಿಕೊಳ್ಳುವವರೇ ಮನೆಯ ಮಗು ಹೀಗೆಂದರೆ ಬಾಗಿಲು ಹಾಕುತ್ತಾರೆ.

2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಮಾನ್ಯ ಮಾಡಿತು. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ನೂರಕ್ಕೆ ಒಂದರಷ್ಟು ಮೀಸಲಾತಿ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಟ್ರಾನ್ಸ್‌ಜೆಂಡರ್ ಆಗಿರುವುದು ಮನೋರೋಗಗಳ ಅಧ್ಯಾಯದಲ್ಲಿ ಇಲ್ಲ.

ದೇವರ ಮುಂದೆ ನಿಂತಾಗ, ಅಕ್ಕ ತಂಗಿಯರನ್ನು ನೋಡಿದಾಗ ಹೊಲಸು ಯೋಚನೆ ನುಗ್ಗುತ್ತದೆ. ನಾನು ಅಷ್ಟು ಕೆಟ್ಟವನಾ?

ಇದನ್ನು ಕೇಳುವಾಗ ಜನ ತಲೆ ಎತ್ತುವುದಿಲ್ಲ. ಹಾಗಾಗಿ ನೇರವಾಗಿ ಹೇಳುತ್ತೇನೆ, ನೀವು ಕೆಟ್ಟವರಲ್ಲ. ಬೇಡದ ಯೋಚನೆ ಎಲ್ಲರ ತಲೆಯಲ್ಲೂ ಒಮ್ಮೊಮ್ಮೆ ಹಾದುಹೋಗುತ್ತದೆ. ಹೆಚ್ಚಿನವರು ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಗೀಳು ಕಾಯಿಲೆ ಇರುವವರಿಗೆ ಅದು ಅಂಟಿಕೊಳ್ಳುತ್ತದೆ. ಯಾವುದು ನಿಮಗೆ ಅತಿ ಪವಿತ್ರವೋ ಅದರ ಮೇಲೆಯೇ ಯೋಚನೆ ಎರಗುತ್ತದೆ. ಅಸಹ್ಯವಾಗಿ, ಕ್ಷಮೆ ಕೇಳಿಕೊಳ್ಳುತ್ತೀರಿ, ಮತ್ತೆ ಸ್ನಾನ ಮಾಡುತ್ತೀರಿ, ಮಂತ್ರ ಮೊದಲಿನಿಂದ ಹೇಳುತ್ತೀರಿ. ಆ ಶುದ್ಧಿಯೇ ಗೀಳನ್ನು ಬಲಪಡಿಸುತ್ತದೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಒಂದು ಪ್ರಯೋಗ ಮಾಡಿದ. ನೆನೆಯಬಾರದು ಎಂದುಕೊಂಡಷ್ಟೂ ಅದೇ ಬಂತು.

ಚಿಕಿತ್ಸೆ ಎರಡು ಬಗೆ. ಒಂದು ಮಾತ್ರೆ. ಇನ್ನೊಂದು, ಯೋಚನೆ ಬಂದರೂ ಶುದ್ಧಿ ಮಾಡದೆ ಕೂತಿರುವುದನ್ನು ಮೆಲ್ಲಗೆ ಕಲಿಸುವ ಮಾತಿನ ಚಿಕಿತ್ಸೆ. ಎರಡೂ ಸೇರಿದರೆ ಒಳ್ಳೆಯದು.

ಮೈಮೇಲೆ ಬರುವುದು ಮನೋರೋಗವಾ?

ಚೌಡಿಯ ಪೂಜೆಯಲ್ಲಿ, ಭೂತದ ದರ್ಶನದಲ್ಲಿ, ಊರು ಒಪ್ಪಿದ ಹೊತ್ತಿನಲ್ಲಿ ಪಾತ್ರಿಯ ಮೈಮೇಲೆ ಬಂದು, ಮುಗಿದ ಮೇಲೆ ಅವರು ಮಾಮೂಲಿಯಾದರೆ ವೈದ್ಯಶಾಸ್ತ್ರ ಅದನ್ನು ರೋಗ ಎನ್ನುವುದಿಲ್ಲ. ಹೊತ್ತುಗೊತ್ತಿಲ್ಲದೆ, ಬೇಡವೆಂದರೂ ಬಂದು, ಬದುಕಿಗೆ ತೊಂದರೆ ಕೊಡುತ್ತಿದ್ದರೆ ತೋರಿಸಿ. ಹೊಸ ಸೊಸೆಯ ಮೈಮೇಲೆ ಬಂದರೆ, ಅವಳು ಹೇಳಲಾಗದ್ದು ಏನಿದೆ ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ಹೊಡೆಯುವುದು, ಹೊಗೆ ಹಾಕುವುದು ಬೇಡ.

ಅಕ್ಕ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು, ಸಿಕ್ಕಿದ್ದೆಲ್ಲ ಕೊಳ್ಳುತ್ತಾಳೆ, ಗೊತ್ತಿಲ್ಲದ ಗಂಡಸರ ಜೊತೆ ಸಲಿಗೆ. ನಡತೆಯೇ ಕೆಟ್ಟಿತಾ?

ಒಂದು ವಾರದಿಂದ ನಿದ್ದೆ ಕಡಿಮೆ, ಆದರೂ ದಣಿವಿಲ್ಲ. ಮಾತು ಜಾಸ್ತಿ, ಖರ್ಚು ಜಾಸ್ತಿ, ಸಂಕೋಚ ಇಲ್ಲ. ಇದು ಮನಸ್ಸು ಕೆಲಕಾಲ ಅತಿ ಏರಿ, ಕೆಲಕಾಲ ಅತಿ ಕುಗ್ಗುವ ಬೈಪೋಲಾರ್ ಕಾಯಿಲೆಯ ಉನ್ಮಾದದ ಹಂತ ಇರಬಹುದು. ನಡತೆಯ ಪ್ರಶ್ನೆ ಅಲ್ಲ, ರೋಗದ ಲಕ್ಷಣ. ಬೇಗ ಕರೆತನ್ನಿ. ಗುಣವಾದ ಮೇಲೆ ಅದನ್ನು ಎತ್ತಿ ಆಡಬೇಡಿ.

ಹೆರಿಗೆಯಾದ ಮೇಲೆ ಮಗಳು ಸುಮ್ನೆ ಅಳುತ್ತಾಳೆ. ಬಾಣಂತಿ ಸನ್ನಿಯಾ?

ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು, ಸಿಡುಕು ತುಂಬಾ ಜನರಿಗೆ ಬರುತ್ತದೆ. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿಯೂ ಬೇಸರ, ಮಗುವಿನ ಮೇಲೆ ಮನಸ್ಸಿಲ್ಲದಿರುವುದು, ತಾನು ಕೆಟ್ಟ ತಾಯಿ ಎಂಬ ಭಾವ ಉಳಿದರೆ ಅದು ಹೆರಿಗೆ ನಂತರದ ಖಿನ್ನತೆ. ಹಾಲೂಡಿಸುವಾಗಲೂ ಕೊಡಬಹುದಾದ ಮಾತ್ರೆಗಳಿವೆ. ಸನ್ನಿ ಬೇರೆಯದು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುತ್ತದೆ. ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ, ಗೊಂದಲ ಇದರ ಗುರುತು. ಇದು ತುರ್ತು. ಮಳೆ ನಿಲ್ಲಲಿ, ಬಾಣಂತನ ಮುಗಿಯಲಿ ಎಂದು ಕಾಯಬೇಡಿ. ತಾಯಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ತೋಟ ಇದೆ, ಮನೆ ಇದೆ, ಮದುವೆಗೆ ಹೆಣ್ಣು ಸಿಗುತ್ತಿಲ್ಲ. ಮಂಡೆ ಬಿಸಿಯಾಗಿದೆ. ಇದು ಡಿಪ್ರೆಶನ್ನಾ?

ಹಳ್ಳಿಯಲ್ಲಿ ಉಳಿದ ಹುಡುಗರಿಗೆ ಹೆಣ್ಣು ಸಿಗದಿರುವುದು ಮಲೆನಾಡಿನ ಮನೆಮನೆಯ ಕಥೆ. ಬೇಜಾರಾಗುವುದು ಸಹಜ. ಒಂಟಿತನ ರೋಗವಲ್ಲ. ಆದರೆ ಎರಡು ವಾರಕ್ಕೂ ಮೇಲೆ ದಿನದ ಬಹುಪಾಲು ಮಂಕು, ಯಾವುದರಲ್ಲೂ ರುಚಿ ಇಲ್ಲ, ನಿದ್ದೆ ಊಟ ಏರುಪೇರು, ತೋಟದ ಕಡೆ ಹೋಗಲೂ ಮನಸ್ಸಿಲ್ಲ, ಬದುಕಿ ಏನು ಎಂಬ ಯೋಚನೆ ಇದ್ದರೆ ಅದು ಖಿನ್ನತೆ. ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ ಯಾರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೆ ಒಂದು ಮಾತು: ತೋಟಕ್ಕೆ ತಂದ ಔಷಧಿಯನ್ನು ಬೀಗ ಹಾಕಿಡಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ.

ಮನೋರೋಗದ ಮಾತ್ರೆ ಚಟವಾಗುತ್ತಂತೆ, ಗಂಡಸ್ತನ ಹೋಗುತ್ತಂತೆ?

ಖಿನ್ನತೆಗೆ ಕೊಡುವ ಮಾತ್ರೆ ಚಟ ಹಿಡಿಸುವುದಿಲ್ಲ. ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ಥಟ್ಟನೆ ಬಿಟ್ಟರೆ ತಲೆಸುತ್ತು, ಕಿರಿಕಿರಿ ಆಗಬಹುದು, ಹಾಗಾಗಿ ಡಾಕ್ಟರಿಗೆ ಹೇಳಿ ಇಳಿಸುತ್ತಾ ಬರಬೇಕು. ಚಟವಾಗುವ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳದು. ಎರಡನೆಯ ಪ್ರಶ್ನೆಯಲ್ಲಿ ಸತ್ಯಾಂಶ ಇದೆ. ಕೆಲವು ಮಾತ್ರೆಗಳಿಂದ ಗಂಡು ಹೆಣ್ಣು ಇಬ್ಬರಿಗೂ ಆಸೆ ಇಳಿಯಬಹುದು, ಸ್ಖಲನ ತಡವಾಗಬಹುದು. ಮಾತ್ರೆ ಬದಲಿಸಿದರೆ ಅಥವಾ ಪ್ರಮಾಣ ಇಳಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಒಪ್ಪಿಗೆ ಅಂದರೆ? ಮದುವೆಯಾದ ಮೇಲೂ ಬೇಕಾ?

ಬೇಕು. ಹೆದರಿಕೆ, ಒತ್ತಾಯ, ಅಮಲು ಯಾವುದೂ ಇಲ್ಲದೆ ಮನಸಾರೆ ಹೂಂ ಎನ್ನುವುದು ಒಪ್ಪಿಗೆ. ನಡುವೆ ಬೇಡ ಎನ್ನಲೂಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಪಿಯುಸಿ ಪ್ರೇಮಿಗಳು ಇದನ್ನು ತಿಳಿದಿರಬೇಕು. 18 ದಾಟಿದ ಹೆಂಡತಿಯ ಮೇಲೆ ಗಂಡನ ಬಲಾತ್ಕಾರವನ್ನು ನಮ್ಮ ದಂಡ ಕಾನೂನು ಇನ್ನೂ ಅತ್ಯಾಚಾರ ಎಂದು ಕರೆಯುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಲೈಂಗಿಕ ಹಿಂಸೆ ಸೇರಿದೆ, ಅದರಡಿ ರಕ್ಷಣೆ ಕೇಳಬಹುದು.

ಸಣ್ಣ ಊರು. ಹೇಳಿದ್ದು ಗುಟ್ಟಾಗಿ ಉಳಿಯುತ್ತಾ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗುಟ್ಟು ಕಾಪಾಡುವುದನ್ನು ರೋಗಿಯ ಹಕ್ಕು ಎಂದಿದೆ. ಜೀವಕ್ಕೆ ಅಪಾಯ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಕೋರ್ಟ್ ಆದೇಶ ಇಂಥ ಕೆಲವು ಸಂದರ್ಭ ಮಾತ್ರ ಬೇರೆ. ನಿಮ್ಮ ಮಾವನಿಗೋ ಊರ ಗೌಡರಿಗೋ ಹೇಳುವಂತಿಲ್ಲ. ವೇಟಿಂಗ್ ಹಾಲ್‌ನಲ್ಲಿ ಪಕ್ಕದ ಮನೆಯವರು ಸಿಕ್ಕರೆ ಎಂಬ ಅಳುಕು ನಿಜ, ಅದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಅವರೂ ತೋರಿಸಲೇ ಬಂದಿರುತ್ತಾರೆ ಎಂದಷ್ಟೇ ಹೇಳಬಲ್ಲೆ. ತೀರಾ ಮುಜುಗರವಾದರೆ ಮೊದಲು ಫೋನಿನಲ್ಲಿ ಮಾತಾಡಿ.

ಡಾಕ್ಟರ ಮುಂದೆ ಬಾಯಿ ಕಟ್ಟಿದಂತಾಗುವುದಿದ್ದರೆ ಚೀಟಿಯಲ್ಲಿ ಬರೆದು ಕೊಡಿ: ಏನು ತೊಂದರೆ, ಯಾವಾಗಿನಿಂದ, ಮುಂಚೆ ಹೇಗಿತ್ತು. ಗೊತ್ತಿರುವ ಪದ ಯಾವುದಾದರೂ ಸರಿ, ಅಂಗಗಳ ಹೆಸರು ಆಡುಮಾತಿನಲ್ಲಿ ಹೇಳಿದರೂ ಯಾರೂ ನಗುವುದಿಲ್ಲ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಶೀಟು ತನ್ನಿ. ಯಾರೋ ಕೊಟ್ಟ ಪುಡಿ, ಲೇಹ್ಯ ಇದ್ದರೆ ಅದರ ಡಬ್ಬಿಯನ್ನೂ ಮರೆಯದೆ ತನ್ನಿ.